ಆ ಹೆಸರುಗಳನ್ನು ಹಾರಿಸಿಬಿಡಬೇಡಿ

ಮಾನ್ಯರೇ,

ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ ಕೊನೆಯ ಅಧ್ಯಾಯ, ಅಂದರೆ 16ನೆಯ ಅಧ್ಯಾಯದ ವಂದನೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಸಾಲಿನ ಉತ್ತರ ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ನೀವು ಕೈಹಾಕಿರುವ ವಿಷಯ ಅಷ್ಟು ಒಳ್ಳೆಯದು. ಬೈಬಲನ್ನು ಶ್ರದ್ಧೆಯಿಂದ ಓದುವವರೂ ಇಲ್ಲಿಗೆ ಬಂದಾಗ ಬೇಗ ಬೇಗ ಪುಟ ತಿರುಗಿಸುತ್ತಾರೆ.

ತೊಂದರೆ ಏನೆಂದರೆ, ನೀವೂ ಪುಟ ತಿರುಗಿಸಿದ್ದೀರಿ. ಲೇಖನದ ಅರ್ಧಕ್ಕಿಂತ ಹೆಚ್ಚು ಭಾಗ ಪೌಲನ ಗುಣಗಾನಕ್ಕೇ ಹೋಗಿದೆ: ‘ಮಹಾನ್ ಸಂತ’, ‘ಅಪ್ರತಿಮ ಜ್ಞಾನಿ’, ‘ಪ್ರೀತಿಯ ಸಾಕಾರಮೂರ್ತಿ’. ಕೊನೆಗೆ ಅಧ್ಯಾಯಕ್ಕೆ ಬಂದಾಗ ‘ಪೌಲನು ಅನೇಕರಿಗೆ ವಂದನೆ ಹೇಳಿ ತನ್ನ ವಿಶಾಲ ಹೃದಯವನ್ನು ತೋರಿಸುತ್ತಾನೆ’ ಎಂದು ಒಂದೇ ಉಸಿರಿಗೆ ಮುಗಿಸಿದ್ದೀರಿ. ಆ ‘ಅನೇಕರು’ ಯಾರು ಅನ್ನುವುದೇ ನಿಮ್ಮ ವಿಷಯ ಅಲ್ಲವೇ? 24 ಜನರನ್ನು ಅವನು ಹೆಸರು ಹಿಡಿದು ವಂದಿಸುತ್ತಾನೆ. ಹೆಸರು ಹೇಳದೆ ಇನ್ನಿಬ್ಬರು ಹೆಂಗಸರನ್ನು ನೆನೆಯುತ್ತಾನೆ: ರೂಫನ ತಾಯಿ, ನೇರ್ಯನ ಸಹೋದರಿ. ಇಷ್ಟು ಜನರಲ್ಲಿ ನಿಮ್ಮ ಲೇಖನಕ್ಕೆ ಬಂದವರು ರೂಫ ಮತ್ತು ಯೂನ್ಯ ಇಬ್ಬರೇ.

ನಿಮ್ಮ ಹೊಗಳಿಕೆಯನ್ನೂ ಪೌಲನ ಹೊಗಳಿಕೆಯನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಪ್ರಿಸ್ಕ ಮತ್ತು ಅಕ್ವಿಲ ದಂಪತಿಯನ್ನು ಅವನು ‘ಒಳ್ಳೆಯವರು’ ಎಂದು ಹೇಳಿ ಬಿಡುವುದಿಲ್ಲ. ನನ್ನ ಜೀವ ಉಳಿಸಲು ತಮ್ಮ ಕೊರಳನ್ನೇ ಒಡ್ಡಿದರು ಅನ್ನುತ್ತಾನೆ. ಎಪೈನೆತ ಆಸ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ಮೊದಲು ಕ್ರಿಸ್ತನನ್ನು ನಂಬಿದವನು. ಅಂದ್ರೋನಿಕ, ಯೂನ್ಯ ಇಬ್ಬರೂ ಅವನ ಜೊತೆ ಸೆರೆಯಲ್ಲಿದ್ದವರು, ಅವನಿಗಿಂತ ಮುಂಚೆಯೇ ಕ್ರಿಸ್ತನಲ್ಲಿದ್ದವರು. ರೂಫನ ತಾಯಿ ನನಗೂ ತಾಯಿಯೇ ಅನ್ನುತ್ತಾನೆ. ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ ಈ ನಾಲ್ವರು ಕಷ್ಟಪಟ್ಟು ದುಡಿದವರು. ಆ ಮಾತು ಈ ಅಧ್ಯಾಯದಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲ, ನಾಲ್ವರೂ ಹೆಂಗಸರು. ಒಬ್ಬರ ಹೊಗಳಿಕೆಯನ್ನು ತೆಗೆದು ಇನ್ನೊಬ್ಬರಿಗೆ ಹಚ್ಚಲು ಬರುವುದಿಲ್ಲ. ‘ಮಹಾನ್ ಸಂತ’ ಅನ್ನುವುದನ್ನು ಮಾತ್ರ ಯಾವ ಸಂತನಿಗೆ ಬೇಕಾದರೂ ಹಚ್ಚಬಹುದು. ನಿಮ್ಮ ಮೊದಲ ಅರ್ಧವನ್ನು ಪೂರ್ತಿ ತೆಗೆಯಿರಿ ಎಂದು ನಾನು ಕೇಳುವುದು ಇದಕ್ಕೇ.

ಅಲ್ಲಿ ಮಿಕ್ಕ ಜಾಗಕ್ಕೆ ಪ್ರಿಸ್ಕ-ಅಕ್ವಿಲರ ಕಥೆ ತನ್ನಿ. ಚಕ್ರವರ್ತಿ ಕ್ಲೌದ್ಯನು ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದಾಗ (ಸಾಮಾನ್ಯವಾಗಿ ಕ್ರಿ.ಶ. 49 ಎಂದು ಹೇಳುತ್ತಾರೆ) ಇವರು ಗ್ರೀಸಿನ ಕೊರಿಂಥಕ್ಕೆ ಬಂದು ನೆಲೆಸಿದರು. ಗುಡಾರ ಮಾಡುವುದು ಇವರ ಕಸುಬು, ಪೌಲನದೂ ಅದೇ. ಒಂದೇ ಮನೆಯಲ್ಲಿ ಇದ್ದು ಒಟ್ಟಿಗೆ ಕೆಲಸ ಮಾಡಿದರು. ಮುಂದೆ ಆಸ್ಯ ಸೀಮೆಯ ಎಫೆಸದಲ್ಲಿ ಇವರ ಮನೆಯಲ್ಲೇ ಕ್ರೈಸ್ತರ ಸಭೆ ಕೂಡುತ್ತಿತ್ತು. ಸುಮಾರು ಕ್ರಿ.ಶ. 57ರಲ್ಲಿ ಈ ಪತ್ರ ಬರೆಯುವ ಹೊತ್ತಿಗೆ ಕ್ಲೌದ್ಯ ಸತ್ತಿದ್ದ, ಇವರು ಮತ್ತೆ ರೋಮಿಗೆ ಮರಳಿದ್ದರು, ಅಲ್ಲೂ ಇವರ ಮನೆಯಲ್ಲಿ ಸಭೆ. ಪೌಲ ಮಾತ್ರ ಇನ್ನೂ ಆ ಊರಿಗೆ ಕಾಲಿಟ್ಟಿರಲಿಲ್ಲ. ರೋಮಿನ ಮೂಲಕ ಸ್ಪೇನಿಗೆ ಹೋಗುವ ಯೋಚನೆ ಅವನಿಗಿತ್ತು, ಅದಕ್ಕೆ ಅಲ್ಲಿಯವರ ಸಹಾಯ ಬೇಕಿತ್ತು. ಗುರುತಿಲ್ಲದ ಊರಿಗೆ ಬರೆಯುವವನು ಗುರುತಿರುವ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾನೆ: ನಾನು ಎಂಥವನು ಎಂದು ಇವರನ್ನು ಕೇಳಿ. ಈ ವಂದನೆಗಳಲ್ಲಿ ಪ್ರೀತಿ ಇದೆ, ಜೊತೆಗೆ ಕೆಲಸವೂ ಇದೆ. ಎರಡನ್ನೂ ಹೇಳಿದರೆ ಪೌಲನ ಗೌರವವೇನೂ ಕಡಿಮೆಯಾಗುವುದಿಲ್ಲ.

ಈಗ ತಪ್ಪುಗಳು. ಯೂನ್ಯಳನ್ನು ನೀವು ಗಂಡಸು ಮಾಡಿದ್ದೀರಿ. ಹಲವು ಅನುವಾದಗಳಲ್ಲಿ ಹಾಗೇ ಇದೆ, ಆದ್ದರಿಂದ ತಪ್ಪು ನಿಮ್ಮೊಬ್ಬರದಲ್ಲ. ಆದರೆ ಯೂನ್ಯ ಎಂಬುದು ರೋಮಿನಲ್ಲಿ ಹೆಂಗಸರು ಇಟ್ಟುಕೊಳ್ಳುತ್ತಿದ್ದ ಸಾಮಾನ್ಯ ಹೆಸರು. ನಾಲ್ಕನೆಯ ಶತಮಾನದ ಹೆಸರಾಂತ ಕ್ರೈಸ್ತ ಬೋಧಕ ಯೋಹಾನ ಕ್ರಿಸೊಸ್ತೋಮ, ಗ್ರೀಕ್ ಮನೆಮಾತಿನವನು, ಆಕೆಯನ್ನು ಹೆಂಗಸೆಂದೇ ತಿಳಿದು ಮನಸಾರೆ ಹೊಗಳಿದ್ದಾನೆ. ಇನ್ನು ರೂಫ. ಶಿಲುಬೆ ಹೊತ್ತ ಸಿರೇನ್ಯದ ಸೀಮೋನನ ಮಗ ಇವನೇ ಎಂದು ಖಡಾಖಂಡಿತವಾಗಿ ಬರೆದಿದ್ದೀರಿ. ಮಾರ್ಕನ ಸುವಾರ್ತೆಯಲ್ಲಿ ಸೀಮೋನನಿಗೆ ರೂಫನೆಂಬ ಮಗನಿದ್ದದ್ದು ನಿಜ, ಇಬ್ಬರೂ ಒಬ್ಬನೇ ಇರಬಹುದು. ‘ಇರಬಹುದು’ ಎಂದೇ ಬರೆಯಿರಿ.

‘ಪೌಲನು ತನ್ನ ಕೈಯಾರೆ ಬರೆದ ಈ ವಂದನೆಗಳು’ ಎಂಬ ವಾಕ್ಯವೂ ಹೋಗಬೇಕು. ಬರೆದ ಕೈ ತೆರ್ತ್ಯನದು. ಅವನೇ 22ನೆಯ ವಚನದಲ್ಲಿ ನಡುವೆ ಬಾಯಿ ಹಾಕಿ, ಈ ಪತ್ರವನ್ನು ಬರೆದ ತೆರ್ತ್ಯನೆಂಬ ನಾನೂ ನಿಮ್ಮನ್ನು ವಂದಿಸುತ್ತೇನೆ ಅನ್ನುತ್ತಾನೆ. ಅಷ್ಟು ದೊಡ್ಡ ಪತ್ರವನ್ನು ಹೇಳಿದ ಹಾಗೆ ಬರೆದುಕೊಂಡವನು ತನ್ನ ಪಾಲಿಗೆ ತೆಗೆದುಕೊಂಡದ್ದು ಈ ಒಂದು ವಾಕ್ಯ. ನನಗೆ ಇಡೀ ಅಧ್ಯಾಯದಲ್ಲಿ ಅತಿ ಪ್ರಿಯವಾದ ಸಾಲು ಅದು. ನಿಮ್ಮ ಲೇಖನದಲ್ಲಿ ಅದು ಕಾಣಲೇ ಇಲ್ಲ.

ಇಂಥ ವಂದನೆ ಕ್ರೈಸ್ತರೇ ಹುಟ್ಟುಹಾಕಿದ ಪದ್ಧತಿ ಅನ್ನುತ್ತೀರಿ. ಅಲ್ಲ. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ) ಕಾಗದಗಳನ್ನು ನೋಡಿ. ಎರಡನೆಯ ಶತಮಾನದಲ್ಲಿ ಅಪಿಯೋನ್ ಎಂಬ ಹುಡುಗ ರೋಮಿನ ನೌಕಾಪಡೆ ಸೇರಿ, ಇಟಲಿಯ ಮಿಸೇನಂ ಬಂದರಿನಿಂದ ಅಪ್ಪ ಎಪಿಮಾಖೋಸನಿಗೆ ಬರೆದ ಪತ್ರ ಉಳಿದಿದೆ. ಸಮುದ್ರದ ಗಂಡಾಂತರದಿಂದ ಪಾರು ಮಾಡಿದ ಸೆರಾಪಿಸ್ ದೇವರನ್ನು ನೆನೆಯುತ್ತಾನೆ, ಪ್ರಯಾಣದ ಖರ್ಚಿಗೆ ಮೂರು ಚಿನ್ನದ ನಾಣ್ಯ ಸಿಕ್ಕಿತು ಅನ್ನುತ್ತಾನೆ, ತನ್ನ ಚಿತ್ರ ಕಳಿಸುತ್ತಾನೆ. ಕೊನೆಗೆ ಕಾಪಿತೋನನಿಗೆ, ಒಡಹುಟ್ಟಿದವರಿಗೆ, ಸೆರೆನಿಲ್ಲಳಿಗೆ, ಗೆಳೆಯರಿಗೆ ವಂದನೆ. ಜಾಗ ಸಾಲದೆ, ಜೊತೆಯವರ ವಂದನೆಗಳು ಪಕ್ಕದ ಅಂಚಿನಲ್ಲಿ ಅಡ್ಡಡ್ಡ ಹತ್ತಿಕೊಂಡಿವೆ. ನಮ್ಮ ಹಿರಿಯರ ಇನ್‌ಲ್ಯಾಂಡ್ ಪತ್ರಗಳಲ್ಲಿ ಮಡಿಕೆಯ ಮೇಲೆಲ್ಲ ‘ಅತ್ತೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ’ ತುಂಬಿರುತ್ತಿತ್ತಲ್ಲ, ಹಾಗೆ. ಪೌಲ ಈ ರೂಢಿಯನ್ನೇ ಹಿಡಿದ. ಆದರೆ ಹೆಸರಿನ ಜೊತೆಗೆ ಆ ವ್ಯಕ್ತಿ ಮಾಡಿದ್ದನ್ನೂ ಹೇಳಿದ, ‘ಕ್ಷೇಮವಾಗಿರಿ’ ಎಂಬ ಮಾಮೂಲು ಮುಕ್ತಾಯದ ಜಾಗದಲ್ಲಿ ‘ಕರ್ತನಾದ ಯೇಸುವಿನ ಕೃಪೆ ನಿಮ್ಮೊಂದಿಗಿರಲಿ’ ಎಂದು ಹರಸಿದ. ಹೊಸತು ಇರುವುದು ಅಲ್ಲಿ. ಅಪಿಯೋನನ ಪತ್ರ ಪಕ್ಕದಲ್ಲಿದ್ದರೆ ಓದುಗರಿಗೆ ಅದು ತಾನಾಗಿ ಕಾಣುತ್ತದೆ.

ಕೊನೆಯ ಸ್ತೋತ್ರವನ್ನು (25ರಿಂದ 27ನೆಯ ವಚನ) ‘ಪತ್ರಕ್ಕೆ ಕಳಶವಿಟ್ಟಂತೆ’ ಎಂದಿದ್ದೀರಿ. ಅದು ಎಲ್ಲ ಹಸ್ತಪ್ರತಿಗಳಲ್ಲೂ ಕೊನೆಯಲ್ಲಿಲ್ಲ. ಕೆಲವದರಲ್ಲಿ 14ನೆಯ ಅಧ್ಯಾಯದ ಕೊನೆಗಿದೆ, ಕ್ರಿ.ಶ. 200ರ ಸುಮಾರಿನದೆನ್ನುವ ಒಂದು ಪಪೈರಸ್ ಪ್ರತಿಯಲ್ಲಿ 15ರ ಕೊನೆಗಿದೆ. ಕೆಲವದರಲ್ಲಿ ಇಲ್ಲವೇ ಇಲ್ಲ. ಇದು ಪೌಲನದೇ ಅಲ್ಲ, ಆಮೇಲೆ ಸೇರಿದ್ದು ಎನ್ನುವ ವಿದ್ವಾಂಸರೂ ಬಹಳ ಜನ ಇದ್ದಾರೆ. ಇದನ್ನು ಎರಡು ವಾಕ್ಯದಲ್ಲಿ ಹೇಳಿದರೆ ಸಾಕು. ಭಕ್ತರಾದ ಓದುಗರಿಗೆ ನೋವಾಗುತ್ತದೆ ಎಂದು ಮುಚ್ಚಿಡಬೇಡಿ. ಅವರು ಅಷ್ಟು ದುರ್ಬಲರಲ್ಲ.

ನಿಮ್ಮ ಲೇಖನದಲ್ಲಿ ಒಂದು ಪ್ಯಾರಾ ನಿಜಕ್ಕೂ ಚೆನ್ನಾಗಿದೆ: ಪತ್ರವನ್ನು ಮನೆಯೊಂದರಲ್ಲಿ ಗಟ್ಟಿಯಾಗಿ ಓದುವಾಗ ತನ್ನ ಹೆಸರು ಬಂದದ್ದನ್ನು ಎಲ್ಲರೆದುರು ಕೇಳಿದವರಿಗೆ ಹೇಗನ್ನಿಸಿರಬೇಕು ಎಂದು ಬರೆದದ್ದು. ಅದನ್ನು ಓದಿಯೇ ಇಷ್ಟುದ್ದ ಉತ್ತರ ಬರೆಯಬೇಕೆನ್ನಿಸಿತು. ಆ ಕೂಟದಲ್ಲಿ ಅರಿಸ್ತೊಬೂಲನ ಮನೆಯವರು, ನಾರ್ಕಿಸ್ಸನ ಮನೆಯವರು ಎಂದು ಒಡೆಯನ ಹೆಸರಿನಲ್ಲೇ ಗುರುತಿಸಲ್ಪಟ್ಟ ದಾಸರೂ ಇದ್ದಿರಬೇಕು, ದಾಸರಲ್ಲಿ ಹೆಚ್ಚಾಗಿ ಕಾಣುವ ಆಂಪ್ಲಿಯಾತನೆಂಬ ಹೆಸರಿನವನೂ ಇದ್ದ. ಅವನನ್ನು ಪೌಲ ‘ನನ್ನ ಪ್ರಿಯ’ ಎಂದು ಕರೆದದ್ದು ಎಲ್ಲರೆದುರು ಓದಿಸಿಕೊಂಡಿತು. ಆ ಪ್ಯಾರಾವನ್ನು ಬೆಳೆಸಿ.

ಹೊಸ ಕರಡನ್ನು ಫೊಯಿಬೆಯಿಂದ ಶುರು ಮಾಡಿ ನೋಡಿ. ಕೊರಿಂಥದ ಬಂದರು ಕೆಂಖ್ರೆಯ ಸಭೆಯ ಸೇವಕಿ ಆಕೆ, ಪೌಲನಿಗೂ ಇನ್ನೆಷ್ಟೋ ಜನರಿಗೂ ಆಸರೆಯಾದವಳು. ಪತ್ರವನ್ನು ರೋಮಿಗೆ ತಲುಪಿಸಿದ್ದು ಬಹುಶಃ ಆಕೆಯೇ. 1,500 ಪದ ಮೀರದಿರಲಿ. 17ರಿಂದ 20ನೆಯ ವಚನದವರೆಗೆ ವಂದನೆಗಳ ನಡುವೆ ಒಮ್ಮೆಲೇ ಒಂದು ಕಟುವಾದ ಎಚ್ಚರಿಕೆ ಬರುತ್ತದೆ, ಭೇದ ಹುಟ್ಟಿಸುವವರಿಂದ ದೂರವಿರಿ ಎಂದು. ಅದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅದು ಅಲ್ಲೇಕೆ ಬಂತು ಎಂದು ನಿಮಗೆ ಅನ್ನಿಸುವುದನ್ನು ಬರೆದು ಕಳಿಸಿ, ಓದಲು ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ