ಹಳೆಯ ಕಾಲೇಜು ಶುಲ್ಕಕ್ಕೆ ಈಗ ವಸೂಲಿಯವರ ಕಾಟ

ಪ್ರಶ್ನೆ: 2018ರಲ್ಲಿ ಅಮೆರಿಕದ ಖಾಸಗಿ ಕಾಲೇಜೊಂದಕ್ಕೆ ಸೇರಿದ್ದ ನಾನು, ಸೆಮಿಸ್ಟರ್ ಆರಂಭವಾದ ನಾಲ್ಕನೇ ದಿನವೇ ಇಮೇಲ್ ಮೂಲಕ ತಿಳಿಸಿ ಕೋರ್ಸ್ ಬಿಟ್ಟೆ. ಆದರೂ ಪೂರ್ತಿ ಶುಲ್ಕದ ಬಿಲ್ ಬಂತು; ನನ್ನ ಆಕ್ಷೇಪಣೆಗೆ ಉತ್ತರವೇ ಬರಲಿಲ್ಲ. ಈಗ ವಸೂಲಿ ಏಜೆನ್ಸಿಯೊಂದು 4,300 ಡಾಲರ್ ಬಾಕಿಯೆಂದು ಫೋನ್ ಮಾಡುತ್ತಿದೆ. ಹೋದ ವಾರ ನೋಟಿಸನ್ನೂ ಕಳಿಸಿದೆ. ‘ಸದ್ಯಕ್ಕೆ 50 ಡಾಲರ್ ಕಟ್ಟಿ’ ಎನ್ನುತ್ತಾರೆ. ಕಟ್ಟಲೇ?

– ಹೆಸರು ಬೇಡವೆಂದ ಓದುಗರು

ಉತ್ತರ: ದಯವಿಟ್ಟು ಈಗಲೇ ಕಟ್ಟಬೇಡಿ. ಬಾಕಿಗಾಗಿ ದಾವೆ ಹೂಡಲು ಅಲ್ಲಿನ ಪ್ರತಿ ರಾಜ್ಯದಲ್ಲೂ ಕಾಲಮಿತಿಯಿದೆ. ಹೆಚ್ಚಿನ ಕಡೆ ಅದು 3ರಿಂದ 6 ವರ್ಷ. ಆದರೆ ಕೆಲವು ರಾಜ್ಯಗಳಲ್ಲಿ ಅಲ್ಪ ಮೊತ್ತ ಕಟ್ಟಿದರೂ, ಸಾಲ ನನ್ನದೆಂದು ಬರೆದುಕೊಟ್ಟರೂ ಆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಅವರು ಇಷ್ಟು ಚಿಕ್ಕ ಮೊತ್ತ ಕೇಳುವಾಗ ನಾನು ಮೊದಲು ಶಂಕಿಸುವುದು ಇದನ್ನೇ.

ಫೋನಿನಲ್ಲಿ ವಾದಕ್ಕಿಳಿಯದೆ ಪತ್ರ ಬರೆಯಿರಿ. 1977ರ ಸಾಲ ವಸೂಲಿ ಕಾಯ್ದೆಯ ಪ್ರಕಾರ, ಸಾಲದ ವಿವರವಿರುವ ನೋಟಿಸ್ ಕೈಸೇರಿದ 30 ದಿನಗಳೊಳಗೆ ನೀವು ಲಿಖಿತವಾಗಿ ತಕರಾರು ಸಲ್ಲಿಸಿದರೆ, ಏಜೆನ್ಸಿಯು ಸಾಲಕ್ಕೆ ಪುರಾವೆ ಕಳಿಸುವವರೆಗೆ ವಸೂಲಿಯನ್ನು ನಿಲ್ಲಿಸಲೇಬೇಕು. ನಿಮಗೆ ಒಂದು ವಾರ ಆಗಲೇ ಕಳೆದಿದೆ. ಪತ್ರ ಚಿಕ್ಕದಿರಲಿ: ‘ಈ ಬಾಕಿಯನ್ನು ನಾನು ಒಪ್ಪುವುದಿಲ್ಲ. ಮೂಲ ಬಿಲ್ಲನ್ನೂ ಮೊತ್ತದ ಲೆಕ್ಕವನ್ನೂ ಕಳಿಸಿ.’ ತಲುಪಿದ್ದಕ್ಕೆ ಸಹಿ ಪಡೆಯುವ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ, ಪ್ರತಿಯನ್ನೂ ರಸೀದಿಯನ್ನೂ ಜೋಪಾನವಾಗಿಡಿ.

ಕರೆಗಳಿಗೂ ಮಿತಿಯಿದೆ. ಬೆಳಿಗ್ಗೆ 8ಕ್ಕೆ ಮುಂಚೆ, ರಾತ್ರಿ 9ರ ನಂತರ ಅವರು ಕರೆ ಮಾಡುವಂತಿಲ್ಲ. ಒಂದೇ ಬಾಕಿಗೆ 7 ದಿನಗಳಲ್ಲಿ 7ಕ್ಕಿಂತ ಹೆಚ್ಚು ಬಾರಿ ಕರೆ ಮಾಡಿದರೆ ಅದನ್ನು ಕಿರುಕುಳವೆಂದೇ ಭಾವಿಸಲಾಗುತ್ತದೆ. ಬಂದ ಕರೆಗಳ ದಿನ, ವೇಳೆ ಬರೆದಿಡಿ. ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೊಗೆ ದೂರು ಕೊಡುವಾಗ ಬೇಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಸಡ್ಡೆ ಸಲ್ಲದು. ಕಾಲಮಿತಿ ಮುಗಿದ ಸಾಲಕ್ಕೆ ದಾವೆಯ ಬೆದರಿಕೆ ಹಾಕುವುದೂ ನಿಯಮಬಾಹಿರ. ಆದರೂ ನ್ಯಾಯಾಲಯದ ಸಮನ್ಸ್ ಬಂದರೆ ಗಡುವಿನೊಳಗೆ ಉತ್ತರ ಸಲ್ಲಿಸಿ, ಕಾಲಮಿತಿ ಮೀರಿದೆಯೆಂಬ ವಾದವನ್ನು ನೀವೇ ಮುಂದಿಡಬೇಕು. ಸುಮ್ಮನಿದ್ದರೆ ನಿಮ್ಮ ಗೈರಿನಲ್ಲೇ ತೀರ್ಪಾಗಬಹುದು. ಅಂಥ ಹೊತ್ತಿನಲ್ಲಿ ಉಚಿತ ಕಾನೂನು ನೆರವು ಕೇಂದ್ರದ ವಕೀಲರನ್ನು ಕಾಣಿರಿ.

ಇನ್ನು ನಿಮ್ಮ ನಿಜವಾದ ಬಲವಿರುವುದು ನಾಲ್ಕನೇ ದಿನ ಕಳಿಸಿದ ಆ ಇಮೇಲಿನಲ್ಲಿ. ಅದನ್ನು ಹುಡುಕಿ, ದಿನಾಂಕ ಕಾಣುವಂತೆ ಮುದ್ರಿಸಿಕೊಳ್ಳಿ. 2018ರಲ್ಲಿ ಜಾರಿಯಲ್ಲಿದ್ದ ಶುಲ್ಕ ಮರುಪಾವತಿ ನಿಯಮದ ಪ್ರತಿಯನ್ನು ಕಾಲೇಜಿನ ಲೆಕ್ಕಪತ್ರ ವಿಭಾಗದಿಂದ ಬರವಣಿಗೆಯಲ್ಲೇ ಕೇಳಿ ತರಿಸಿಕೊಂಡು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.