ಅಥಣಿಯವರು ಮಿರಜಿಗೆ ಯಾಕೆ ಹೋಗುತ್ತಾರೆ?

ಬೆಂಗಳೂರಿನಿಂದ ಬಂದಿದ್ದಾಗ ನೀವು ಒಂದು ಮಾತು ಕೇಳಿದಿರಿ. ಬೆಳಗಾವಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ಆದರೂ ನಿಮ್ಮ ಕಡೆಯವರು ಮನಸ್ಸಿನ ಕಾಯಿಲೆಗೂ ಮಹಾರಾಷ್ಟ್ರಕ್ಕೆ ಯಾಕೆ ಹೋಗ್ತಾರೆ ಅಂತ. ಆವತ್ತು ಅಂಗಡಿಯಲ್ಲಿ ಜನ ಜಾಸ್ತಿ ಇದ್ದರು, ಸರಿಯಾಗಿ ಹೇಳೋಕೆ ಆಗಲಿಲ್ಲ.

ಮೊದಲು ದೂರ ನೋಡಿ. ಅಥಣಿ ಬೆಳಗಾವಿ ಜಿಲ್ಲೆಯದೇ ತಾಲ್ಲೂಕು. ಆದರೆ ಜಿಲ್ಲಾ ಕೇಂದ್ರಕ್ಕೆ 130 ಕಿ.ಮೀ. ಮೇಲಾಗುತ್ತದೆ, ಧಾರವಾಡ ಇನ್ನೂ ದೂರ. ಮಹಾರಾಷ್ಟ್ರದ ಮಿರಜಿಗೆ ಅದರ ಅರ್ಧವೂ ಇಲ್ಲ. ವಿಜಯಪುರ ಜಿಲ್ಲೆಯ ಚಡಚಣದ ಕಡೆಯವರಿಗೆ ಸೋಲಾಪುರ ಹೀಗೇ ಹತ್ತಿರ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವರು ಸಂಜೆ ಎಮ್ಮೆ ಹಿಂಡೋ ಹೊತ್ತಿಗೆ ಮನೆಗೆ ಬರಬೇಕಲ್ವಾ?

ನನ್ನದು ಝೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿಯನ್ನೂ ಹಾಕಿಕೊಡುತ್ತೇನೆ. ಹೋದ ವರ್ಷ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಮಗನಿಗೆ ಇಪ್ಪತ್ತೈದು, ಇಪ್ಪತ್ತಾರು ಇರಬಹುದು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಆರು ವರ್ಷದ ಚೀಟಿಗಳಿದ್ದವು. ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿದ್ದವು. ಔಷಧದ ಹೆಸರು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಮರಾಠಿಯಲ್ಲಿ ಸಕಾಳಿ (ಬೆಳಿಗ್ಗೆ), ರಾತ್ರಿ ಅಂತ. ತಾಯಿಗೆ ಎರಡೂ ಓದೋಕೆ ಬರುವುದಿಲ್ಲ. ರಾತ್ರಿಯ ಗುಳಿಗೆ ಪಟ್ಟಿಗೆ ಕಪ್ಪು ದಾರ ಸುತ್ತಿ ಗುರುತು ಮಾಡಿಕೊಂಡಿದ್ದರು. "ಇದ್ರಾಗ ಏನ್ ಬರದಾರ ನೋಡಪಾ, ಪಿಂಚಣಿ ಸಿಗತೈತೇನು?" ಅಂದರು.

ಅವರು ಮೊದಲು ಹೋಗಿದ್ದು ಒಂದು ಸರ್ಕಾರಿ ದವಾಖಾನೆಗೇ. ಎರಡು ಸಲ ಗುಳಿಗೆ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಅಂದರಂತೆ. ಮೂರು ವಾರ ಗುಳಿಗೆ ತಪ್ಪಿತು. ಹುಡುಗ ಮತ್ತೆ ನಿದ್ದೆ ಬಿಟ್ಟು ರಾತ್ರಿಯೆಲ್ಲ ಕಬ್ಬಿನ ಹೊಲದಲ್ಲಿ ತಿರುಗೋಕೆ ಶುರು ಮಾಡಿದ. ಆಮೇಲೆ ಸಾಲ ಮಾಡಿ ಮಿರಜಿಗೆ ಹೋದರು.

ಮಿರಜಿನ ಡಾಕ್ಟರನ್ನು ನಾನು ದೂರುವುದಿಲ್ಲ. ನಮ್ಮ ಎಷ್ಟೋ ಮನೆಗಳನ್ನು ಅವರು ಉಳಿಸಿದ್ದಾರೆ. ಆದರೆ ಮುರಿದ ಕಾಲನ್ನು ಎಕ್ಸ್‌ರೇ ತೋರಿಸುತ್ತದೆ. ಮನಸ್ಸಿನದನ್ನು ಬಾಯಿಬಿಟ್ಟೇ ಹೇಳಬೇಕು. "ಎದಿ ಧಸಕ್ ಅಂತೈತ್ರಿ" ಅನ್ನುವುದನ್ನು ಈ ಹುಡುಗ ಯಾವ ಮರಾಠಿಯಲ್ಲಿ ಹೇಳಬೇಕು? ಮೈತುಂಬ ಅಂಜಿಕೆ ಇರುವಾಗ ಅವ್ವನ ಭಾಷೆ ಬಿಟ್ಟು ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಇದು ಸರ್ಕಾರ ದಯೆ ತೋರಿಸಿ ಕೊಡಬೇಕಾದದ್ದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಓದಿ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಗುಳಿಗೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಪುಕ್ಕಟೆ ಸಿಗಬೇಕು. ಅದಕ್ಕೆ ಸಾಕಾಗುವಷ್ಟು ಹಣವನ್ನು ಬಜೆಟ್‌ನಲ್ಲಿ ಇಡಬೇಕು ಅಂತಲೂ ಅದೇ ಕಲಮಿನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಆ ತಾಯಿಗೆ ಆರು ವರ್ಷದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಪಿಂಚಣಿಗೆ ಕನಿಷ್ಠ ಶೇಕಡಾ 40ರಷ್ಟು ಅಂಗವೈಕಲ್ಯ ಇದೆ ಅನ್ನುವ ಪ್ರಮಾಣಪತ್ರ ಬೇಕು, ಅದಕ್ಕೆ ಮನೋವೈದ್ಯರೇ ನೋಡಬೇಕು. ಅಂದರೆ ಮತ್ತೆ ಬೆಳಗಾವಿ, ಮತ್ತೆ ಒಂದು ದಿನದ ಕೂಲಿ ಹೋಯಿತು.

ಬಸ್ಸಿನ ವಿಷಯ ಹೇಳಲೇಬೇಕು. 2023ರಿಂದ ಶಕ್ತಿ ಯೋಜನೆ ಬಂದಿದೆ, ಅವ್ವನಿಗೆ ಟಿಕೆಟ್ ಇಲ್ಲ. ಮಗನಿಗೆ ಅಂಗವಿಕಲರ ರಿಯಾಯಿತಿ ಪಾಸ್ ಸಿಕ್ಕರೂ ಅದು ಊರಿನಿಂದ 100 ಕಿ.ಮೀ. ಒಳಗೆ ಮಾತ್ರ. ನಮ್ಮ ಜಿಲ್ಲಾ ಆಸ್ಪತ್ರೆಯ ತನಕ ಅದು ಮುಟ್ಟುವುದೇ ಇಲ್ಲ.

"ಯೋಜನೆ ಬೇಕಾದಷ್ಟಿವೆ, ಮತ್ತೆ ದುಡ್ಡು ಯಾಕೆ?" ಅಂತಲೂ ನೀವು ಕೇಳಿದಿರಿ. ಗುಳಿಗೆ ಆರೋಗ್ಯ ಇಲಾಖೆಯದು. ಪಿಂಚಣಿ ಕಂದಾಯ ಇಲಾಖೆಯದು. ಪಂಚಾಯಿತಿಯಲ್ಲಿ ನಮಗೆ ಆಸರೆಯಾಗಿರುವ ವಿ.ಆರ್.ಡಬ್ಲ್ಯೂ. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಇಲಾಖೆಯವರು, ಪಗಾರ ಅಲ್ಲ, ಗೌರವಧನದ ಮೇಲೆ ದುಡಿಯುವವರು. ಹಣ ಹೀಗೆ ಮೂರು ಕಡೆ ಹಂಚಿಹೋಗಿದೆ, ನಡುವೆ ನಿಂತ ಮನೆಗೆ ಎಷ್ಟು ಮುಟ್ಟಿತು ಅಂತ ಯಾರೂ ಲೆಕ್ಕ ಇಡುವುದಿಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಅದು ನಿಜಕ್ಕೂ ಒಳ್ಳೆಯ ಕೆಲಸ, ನಾನೇ ಎಷ್ಟೋ ಜನರಿಗೆ ನಂಬರ್ ಬರೆದುಕೊಟ್ಟಿದ್ದೇನೆ. ಆದರೆ ಖಾಲಿಯಾದ ಗುಳಿಗೆ ಫೋನಿನಲ್ಲಿ ಬರುವುದಿಲ್ಲ.

ಬಜೆಟ್ ಓದುವುದು ಬೆಂಗಳೂರಿನಲ್ಲಿ, ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿನಲ್ಲಿ. ಆಗ ಕೂಗಿದರೆ ತಡವಾಯಿತು. ಡಿಸೆಂಬರ್ ಹೊತ್ತಿಗೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ. ಸರ್ಕಾರವೇ ನಮ್ಮ ಜಿಲ್ಲೆಗೆ ಬಂದಿರುತ್ತದೆ. ಕಬ್ಬಿನ ಬೆಲೆಗೆ ರೈತರು ಅಲ್ಲಿಗೆ ಹೋಗಿ ಕೂರುತ್ತಾರೆ. ನಾವೂ ಹೋಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಪೂರ್ತಿ ಗುಳಿಗೆ, ಗೊತ್ತಾದ ದಿನ ಬರುವ ಮನೋವೈದ್ಯರು, ಕನ್ನಡ ಬಲ್ಲ ಆಪ್ತಸಮಾಲೋಚಕರು, ಪ್ರಮಾಣಪತ್ರದ ಶಿಬಿರ, ಜೊತೆಗೆ ಬರುವವರಿಗೂ ಬಸ್ ಖರ್ಚು. ಗಡಿ ತಾಲ್ಲೂಕುಗಳಿಗೆ ಇವಿಷ್ಟನ್ನೂ ಬಜೆಟ್‌ನಲ್ಲಿ ಬೇರೆಯಾಗಿ ತೋರಿಸಿ ಅಂತ ಮನವಿ ಬರೆಯುತ್ತಿದ್ದೇವೆ.

ಮನವಿಗೆ ಲಗತ್ತಿಸೋಕೆ ಮಿರಜಿನ ಬಸ್ ಟಿಕೆಟ್‌ಗಳನ್ನು ಕೂಡಿಡಿ ಅಂತ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಆ ತಾಯಿ ಮೊನ್ನೆ ಹನ್ನೊಂದು ಟಿಕೆಟ್ ತಂದುಕೊಟ್ಟರು. ಅವುಗಳಿಗೂ ಅದೇ ಕಪ್ಪು ದಾರ ಸುತ್ತಿದ್ದರು.