ಸ್ಮಾರ್ಟ್ ಸಾಧನಗಳಿಂದ ಹಳ್ಳಿಯ ರೋಗಿಗೆ ಏನು ಉಪಯೋಗ?

ಸ್ಮಾರ್ಟ್ ವಾಚ್, ನೆಟ್‌ಗೆ ಜೋಡಿಸಿದ ಮಷೀನು ಇವೆಲ್ಲ ಸಿಟಿಯ ದುಡ್ಡಿದ್ದವರಿಗೆ ಮಾತ್ರವಾ, ಹಳ್ಳಿಯವರಿಗೂ ಏನಾದರೂ ಸಿಗುತ್ತಿದೆಯಾ ಅಂತ ಕೇಳಿದ್ದೀರಿ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಖಂಡಿತ ಸಿಗುತ್ತಿದೆ. ಹೃದಯದ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ತೋರಿಸುವ ಇಸಿಜಿ ಪರೀಕ್ಷೆ ಒಂದರ ಬಗ್ಗೆಯೇ ಹೇಳುತ್ತೇನೆ.

ಹಾರ್ಟ್ ಅಟ್ಯಾಕ್ ಅಂದರೆ ಸಾಮಾನ್ಯವಾಗಿ ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ. ಅದನ್ನು ತೆರೆಯುವುದು ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ನಮ್ಮಂಥ ಕಡೆ ಹೃದ್ರೋಗ ತಜ್ಞರು ಇರುವುದಿಲ್ಲ. ಮೊದಲೆಲ್ಲ ಅನುಮಾನ ಬಂದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಅಮೂಲ್ಯವಾದ ಹೊತ್ತು ರಸ್ತೆಯಲ್ಲೇ ಕಳೆದುಹೋಗುತ್ತಿತ್ತು.

ಈಗ ರೋಗಿ ನಮ್ಮ ಬೆಡ್ ಮೇಲೆ ಇರುವಾಗಲೇ ಅವರ ಇಸಿಜಿ ತಜ್ಞರ ಕಣ್ಣಮುಂದೆ ಇರುತ್ತದೆ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಡೆಯುವುದು ಹೀಗೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ನೆಟ್ ಮೂಲಕ ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಗೆ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ದೊಡ್ಡ ಅಟ್ಯಾಕ್ ಅಂತ ಖಚಿತವಾದರೆ, ರಕ್ತಸ್ರಾವದ ಅಪಾಯ ಇಲ್ಲದಿದ್ದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುತ್ತಾರೆ. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಔಷಧಿ ಇದು. ಹೊರಗೆ ಸಾವಿರಾರು ರೂಪಾಯಿ, ಇಲ್ಲಿ ಉಚಿತ. ಆಮೇಲೆ ರಕ್ತನಾಳ ಎಲ್ಲಿ ಮುಚ್ಚಿದೆ ಅಂತ ನೋಡುವ ಆಂಜಿಯೋಗ್ರಾಮ್‌ಗೆ ಕಳಿಸುತ್ತೇವೆ. ಕೂಲಿ ಮಾಡುವ ಮನೆಯವರಿಗೆ ಇದು ಎಷ್ಟು ದೊಡ್ಡ ಆಸರೆ ಅನ್ನುವುದು ಹತ್ತಿರದಿಂದ ನೋಡಿದವರಿಗೆ ಗೊತ್ತು.

ಈ ಯೋಜನೆಗೆ ಮೊದಲೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳಿಗೆ ಇಸಿಜಿ ಮಷೀನು ಕೊಡಿಸಿ, ವಾಟ್ಸ್ಆ್ಯಪ್ ಗುಂಪಿನಲ್ಲೇ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದರು. ಭಾರೀ ತಂತ್ರಜ್ಞಾನ ಏನೂ ಬೇಕಾಗಲಿಲ್ಲ. ಆ ಕಡೆ ನೋಡಿ ಉತ್ತರಿಸುವ ಒಬ್ಬ ಡಾಕ್ಟರ್ ಇದ್ದರು, ಅದು ಮುಖ್ಯ. ಈ ಕೆಲಸದ ಮೇಲೆ ನನಗೆ ತುಂಬಾ ಗೌರವ.

ಡೇಟಾ ಸರಿ ಇರಬೇಕಾದರೆ ಕೈಕೆಲಸವೂ ಸರಿ ಇರಬೇಕು. ಎಡಗೈ, ಬಲಗೈ ವೈರ್ ಅದಲುಬದಲಾದರೆ ಗೆರೆಗಳೇ ಬೇರೆ ಥರ ಬರುತ್ತವೆ. ಬೆವರಿದ ಎದೆಯನ್ನು ಒರೆಸದೆ ವೈರ್ ಹಾಕಿದರೆ ಗೆರೆ ಸರಿಯಾಗಿ ಓದಲಾಗುವುದಿಲ್ಲ. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಮೊದಲು ಕಲಿಸುವುದೇ ಇದನ್ನು.

ಇನ್ನು ವಾಚ್ ವಿಷಯ. ಅದರ ಇಸಿಜಿ ಒಂದೇ ಲೀಡ್‌ನದು, ಅಂದರೆ ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ. ನಾವು ತೆಗೆಯುವುದು 12 ಲೀಡ್. ಬಡಿತದ ಲಯ ತಪ್ಪಿದ್ದನ್ನು ವಾಚ್ ಹಿಡಿಯಬಹುದು, ಹಾರ್ಟ್ ಅಟ್ಯಾಕ್ ಹಿಡಿಯಲು ಅದನ್ನು ನಂಬುವಂತಿಲ್ಲ. ವಾಚ್ ನಾರ್ಮಲ್ ತೋರಿಸ್ತಿದೆ ಅಂತ ಸುಮ್ನೆ ಕೂರಬೇಡಿ.

ಎಷ್ಟೋ ಮನೆಗಳಲ್ಲಿ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ ಕುಡಿಸಿ ರಾತ್ರಿ ಕಳೆಯುತ್ತಾರೆ. ನಮಗೆ ಜಾಸ್ತಿ ನೋವಾಗುವುದು ಇದಕ್ಕೇ. ಎದೆ ಬಿಗಿತ, ತಣ್ಣನೆ ಬೆವರು, ಕೈಗೆ ಅಥವಾ ದವಡೆಗೆ ಹರಡುವ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಶುಗರ್ ಇರುವವರಿಗೆ ನೋವಿಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ಮೊದಲ ಇಸಿಜಿ ಸರಿ ಬಂದರೂ ಡಾಕ್ಟರ್ ಇರಿ ಅಂದರೆ ಇರಿ, ಮತ್ತೆ ತೆಗೆಯಬೇಕಾಗುತ್ತದೆ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹೃದಯ ಜ್ಯೋತಿ ಇದೆಯಾ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ.